ಮೂರು ಚಳಿಗಾಲ, ಒಂದು ಕೂಪೆ: 1963ರ ಮರ್ಸಿಡಿಸ್ 220 ಎಸ್‌ಇ ರಿಪೇರಿ ಕಥೆ

ಮೊನ್ನೆ ಭಾನುವಾರ ಎಡಗಡೆಯ ಎರಡೂ ಗಾಜು ಕೊನೆಗೂ ಒಂದಕ್ಕೊಂದು ಸರಿಯಾಗಿ ಕೂತವು. ಹೋಸ್‌ಪೈಪ್ ಹಿಡಿದು ಹತ್ತು ನಿಮಿಷ ನೀರು ಬಿಟ್ಟೆ, ಒಳಗೆ ಒಂದು ಹನಿಯೂ ಬರಲಿಲ್ಲ. ಅಷ್ಟಕ್ಕೇ ಎಷ್ಟು ಖುಷಿ ಆಯಿತು ಅಂದರೆ, ಗ್ಯಾರೇಜ್ ಬಾಗಿಲು ಹಾಕಿ ಮನೆಗೆ ಬಂದವನು ಊಟವನ್ನೂ ಮಾಡದೆ ಇದನ್ನು ಬರೆಯಲು ಕೂತೆ. ಮೂರು ಚಳಿಗಾಲದ ಕೆಲಸ ಇದು. ಮರೆಯುವ ಮೊದಲು ಬರೆದಿಡಬೇಕು.

ಕಾರು 1963ರ ಮರ್ಸಿಡಿಸ್ 220 ಎಸ್‌ಇ ಕೂಪೆ, ಅಂದರೆ ಎರಡೇ ಬಾಗಿಲಿನದು. ನಾನಿರುವುದು ಜರ್ಮನಿಯ ಬೋಬ್ಲಿಂಗೆನ್‌ನಲ್ಲಿ, ಕೆಲಸದ ಮೇಲೆ ಬಂದು ಇಲ್ಲೇ ಉಳಿದವನು. ಪಕ್ಕದ ಊರೇ ಸಿಂಡೆಲ್‌ಫಿಂಗೆನ್. ಈ ಕಾರಿನ ಬಾಡಿ ತಯಾರಾಗಿದ್ದು ಅಲ್ಲಿನ ಕಾರ್ಖಾನೆಯಲ್ಲೇ, ಅಂದರೆ ನಾನು ಬಾಡಿಗೆಗೆ ಹಿಡಿದಿರುವ ಗ್ಯಾರೇಜಿನಿಂದ ಸೈಕಲ್ ತುಳಿದರೆ ಹೋಗಿ ಬರಬಹುದಾದಷ್ಟು ದೂರದಲ್ಲಿ. ಒಂದು ಹಳ್ಳಿಯ ಕೊಟ್ಟಿಗೆಯಲ್ಲಿ ಹತ್ತೊಂಬತ್ತು ವರ್ಷ ನಿಂತಿತ್ತು. ಟೈರು ನೆಲಕ್ಕೆ ಅಂಟಿಕೊಂಡಿತ್ತು, ಸೀಟಿನೊಳಗೆ ಇಲಿ ಸಂಸಾರ ಮಾಡಿತ್ತು. ಆದರೆ ಕಾರಿನ ಒಂದು ತುಂಡೂ ಕಳೆದಿರಲಿಲ್ಲ. ಅದನ್ನು ನೋಡಿಯೇ ತೆಗೆದುಕೊಂಡೆ.

ಈ ಕಾರೇ ಯಾಕೆ ಅಂತ ತುಂಬಾ ಜನ ಕೇಳಿದರು. ಯುದ್ಧ ಮುಗಿದು ಹದಿನಾರು ವರ್ಷಕ್ಕೆ, 1961ರ ಫೆಬ್ರವರಿಯಲ್ಲಿ, ಸ್ಟುಟ್‌ಗಾರ್ಟ್‌ನಲ್ಲಿ ಡೈಮ್ಲರ್-ಬೆನ್ಸ್ ತನ್ನ ಮ್ಯೂಸಿಯಂ ತೆರೆದ ದಿನ ಈ ಮಾಡೆಲನ್ನು ಹೊರಗೆ ತಂದಿತು. ಕಾರ್ಲ್ ಬೆನ್ಸ್ ಮೋಟಾರು ಗಾಡಿಗೆ 1886ರಲ್ಲಿ ಪೇಟೆಂಟ್ ಹಾಕಿ ಆಗ 75 ವರ್ಷ. ಅದೇ ಕಾಲದ ಅವರ ನಾಲ್ಕು ಬಾಗಿಲಿನ ಕಾರಿಗೆ ಹಿಂದೆ ಎರಡು ರೆಕ್ಕೆ ಎದ್ದು ನಿಂತಿರುತ್ತಿದ್ದವು. ಪಾಲ್ ಬ್ರಾಕ್ ಅನ್ನುವ ಫ್ರೆಂಚ್ ಡಿಸೈನರ್, ಆಗಿನ್ನೂ ಮೂವತ್ತು ದಾಟದ ಹುಡುಗ, ಕೂಪೆಗೆ ಆ ರೆಕ್ಕೆಗಳನ್ನು ಹೆಚ್ಚು ಕಡಿಮೆ ಅಳಿಸಿಯೇ ಬಿಟ್ಟರು. ಒಂದು ಗೆರೆ ಹೆಡ್‌ಲೈಟಿನಿಂದ ಹೊರಟು ಡಿಕ್ಕಿವರೆಗೆ ಎಲ್ಲೂ ಮುರಿಯದೆ ಹೋಗುತ್ತದೆ. ಎಡಕ್ಕೂ ಬಲಕ್ಕೂ ಬಾಗಿಲಿನ ಹಿಂದೆ ಕಂಬವೇ ಇಲ್ಲ. ನಾಲ್ಕೂ ಗಾಜು ಇಳಿಸಿದರೆ ಮುಂದಿನಿಂದ ಹಿಂದಿನವರೆಗೆ ಬರೀ ಗಾಳಿ. ಅಷ್ಟು ಚೆಂದದ ಕಿಟಕಿ ನಾನು ಬೇರೆ ಯಾವ ಕಾರಲ್ಲೂ ನೋಡಿಲ್ಲ. ಆಗಿನ ಬೆಲೆ 23,500 ಮಾರ್ಕ್. ಅದೇ ಎಂಜಿನ್ ಇರುವ ನಾಲ್ಕು ಬಾಗಿಲಿನದಕ್ಕೆ 15,000ದ ಆಸುಪಾಸು. ಮಿಕ್ಕ ದುಡ್ಡು ಎಲ್ಲಿಗೆ ಹೋಗಿದೆ ಅಂತ ಕಾರು ಬಿಚ್ಚಿದಾಗಲೇ ನನಗೆ ಅರ್ಥವಾಗಿದ್ದು.

ಬಿಚ್ಚುವಾಗ ನನ್ನ ಜೊತೆ ಇದ್ದವರು ಪಕ್ಕದ ಬೀದಿಯ ಒಬ್ಬ ಹಿರಿಯರು. ಎಪ್ಪತ್ತೆಂಟು ವರ್ಷ. ಹದಿನೈದನೇ ವಯಸ್ಸಿಗೆ ತಗಡಿನ ಕೆಲಸಕ್ಕೆ ಸೇರಿದವರು, ನಿವೃತ್ತಿಯವರೆಗೂ ಅದನ್ನೇ ಮಾಡಿದವರು. ಇಲ್ಲಿ ಪರೀಕ್ಷೆ ಪಾಸು ಮಾಡಿದ ಕಸುಬುದಾರನನ್ನು ಮೈಸ್ಟರ್ ಅನ್ನುತ್ತಾರೆ. ನಮ್ಮ ಮೇಸ್ತ್ರಿ ಅನ್ನುವ ಪದವೂ ಅದೇ ಬೇರಿನದು, ಪೋರ್ಚುಗೀಸರ ಬಾಯಿಂದ ಬಂದದ್ದು. ಹಾಗಾಗಿ ಮನೆಯಲ್ಲಿ ಅವರ ಬಗ್ಗೆ ಮಾತಾಡುವಾಗ ನಾವು ಮೇಸ್ತ್ರಿ ಅಂತಲೇ ಕರೆಯುತ್ತೇವೆ, ಇಲ್ಲೂ ಹಾಗೇ ಬರೆಯುತ್ತೇನೆ.

ಮೊದಲ ದಿನ ಮೇಸ್ತ್ರಿ ಸ್ಪ್ಯಾನರ್ ಮುಟ್ಟಲೇ ಬಿಡಲಿಲ್ಲ. ಡ್ಯಾಶ್‌ಬೋರ್ಡಿನ ಮರದ ಒಂದು ಪಟ್ಟಿ ಬಿಚ್ಚಿ, ತಿರುಗಿಸಿ ತೋರಿಸಿದರು. ಹಿಂದೆ ಕೈಯಲ್ಲಿ ಬರೆದ ನಂಬರು, ಈ ಕಾರಿನ ಬಾಡಿ ನಂಬರು. ಕಿಟಕಿ ಕೆಳಗಿನ ಪಟ್ಟಿ ತಿರುಗಿಸಿದರೆ ಅಲ್ಲೂ ಅದೇ.

"ಇದು ಯಾಕೆ ಗೊತ್ತಾ? ಒಂದು ಕಾರಿನ ತುಂಡು ಇನ್ನೊಂದಕ್ಕೆ ಕೂರಲ್ಲ. ಪ್ರತಿಯೊಂದನ್ನೂ ಅದರ ಪಕ್ಕದ ತುಂಡಿಗೆ ನೋಡಿ ನೋಡಿ ಉಜ್ಜಿ ಕೂರಿಸಿರೋದು. ನೀವು ಜೋಡಿ ತಪ್ಪಿಸಿದರೆ ಆಮೇಲೆ ಯಾರ ಕೈಲೂ ಆಗಲ್ಲ," ಅಂದರು.

ಅಲ್ಲಿಂದ ಪ್ರತಿ ಬೋಲ್ಟಿಗೂ ಒಂದು ಚೀಲ, ಪ್ರತಿ ಚೀಲಕ್ಕೂ ಒಂದು ಚೀಟಿ, ಪ್ರತಿ ತುಂಡಿಗೂ ಬಿಚ್ಚುವ ಮೊದಲು ಎರಡು ಫೋಟೋ. ಬಾಗಿಲಿನ ಕೀಲಿನ ಹಿಂದೆ ಸಿಕ್ಕ ತೆಳು ತಗಡಿನ ಚೂರುಗಳನ್ನೂ ಎಡ, ಬಲ, ಮೇಲೆ, ಕೆಳಗೆ ಅಂತ ಬರೆದು ಇಟ್ಟೆ. ಒಂದೊಂದು ಕೀಲಿಗೆ ಒಂದೊಂದು ದಪ್ಪ. ಆಗ ಸುಮ್ನೆ ಅವರು ಹೇಳಿದರು ಅಂತ ಮಾಡಿದೆ. ಮುಂದೆ ಅದೇ ನನ್ನನ್ನು ಕಾಪಾಡಿತು.

ತುಕ್ಕಿನ ವಿಷಯಕ್ಕೆ ಬರುತ್ತೇನೆ. ಹೊರಗಿನಿಂದ ನೋಡಿದಾಗ ಹಿಂದಿನ ಎಡ ಚಕ್ರದ ಕಮಾನು ಚೆನ್ನಾಗಿಯೇ ಇತ್ತು. ಅಯಸ್ಕಾಂತ ಇಟ್ಟೆ, ಜಾರಿ ಕೆಳಗೆ ಬಿತ್ತು. ಹಿಂದೆ ಯಾವಾಗಲೋ ಯಾರೋ ರಿಪೇರಿ ಮಾಡಿದವರು ತುಕ್ಕನ್ನು ಕತ್ತರಿಸದೆ ಮೇಲೆ ಬೆರಳು ದಪ್ಪ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ಪುಟ್ಟಿ ನೀರು ಕುಡಿಯುತ್ತದೆ, ಒಳಗೇ ಇಟ್ಟುಕೊಳ್ಳುತ್ತದೆ. ಕಿತ್ತು ನೋಡಿದರೆ ಕೆಳಗಿನ ತಗಡು ಹಪ್ಪಳದ ಹಾಗೆ ಪುಡಿಯಾಯಿತು. ಒಳ್ಳೆಯ ತಗಡು ಸಿಗುವವರೆಗೆ ಕತ್ತರಿಸುತ್ತಾ ಹೋದೆ. ಜಾಕ್ ಕೊಡುವ ಜಾಗ, ಸ್ಟೆಪ್ನಿ ಟೈರಿನ ಕೆಳಗಿನ ತಳ, ಎರಡೂ ಹೋಗಿದ್ದವು. ಹೊಸ ತುಂಡುಗಳನ್ನು ಮೇಸ್ತ್ರಿ ಮರಳು ಚೀಲದ ಮೇಲಿಟ್ಟು ಬಡಿದು ಆಕಾರ ಕೊಟ್ಟರು, ನಾನು ವೆಲ್ಡ್ ಮಾಡಿದೆ. ಇಡೀ ಮೊದಲ ಚಳಿಗಾಲ ಇದಕ್ಕೇ ಹೋಯಿತು, ಹೆಚ್ಚು ಹೇಳುವಂಥದ್ದು ಏನಿಲ್ಲ. ಹೇಳಬೇಕಾದ್ದು ಆಮೇಲಿನ ಸೀಸದ ಕೆಲಸ.

ಆ ಕಾಲದಲ್ಲಿ ಎರಡು ತಗಡು ಸೇರುವ ಗೆರೆಯನ್ನು ಪುಟ್ಟಿಯಿಂದ ಮುಚ್ಚುತ್ತಿರಲಿಲ್ಲ. ಸೀಸ ಮತ್ತು ತವರ ಬೆರೆಸಿದ ಕಡ್ಡಿಯನ್ನು ಕರಗಿಸಿ ತುಂಬುತ್ತಿದ್ದರು. ನಾನು ತಂದ ಕಡ್ಡಿಯಲ್ಲಿ ನೂರಕ್ಕೆ 74 ಭಾಗ ಸೀಸ, 25 ಭಾಗ ತವರ, ಒಂದು ಭಾಗ ಆಂಟಿಮನಿ. ಆದರೆ ಸೀಸ ನೇರವಾಗಿ ಕಬ್ಬಿಣಕ್ಕೆ ಹಿಡಿಯುವುದಿಲ್ಲ. ಮೊದಲು ತಗಡಿಗೆ ತವರದ ಪದರ ಕೊಡಬೇಕು. ಮೇಸ್ತ್ರಿ ತಗಡು ಬಿಸಿ ಮಾಡಿ, ಬೂದು ಬಣ್ಣದ ಪೇಸ್ಟ್ ಸವರಿ, ಬಟ್ಟೆಯಲ್ಲಿ ಒಂದೇ ಸಲ ಒರೆಸಿದರು. ಅಷ್ಟೂ ಜಾಗ ಬೆಳ್ಳಿಯ ಹಾಗೆ ಹೊಳೆಯಿತು. ನಾನು ನೋಡುತ್ತಾ ನಿಂತುಬಿಟ್ಟೆ. ಇದು ಕಲಾಯಿ ಅಲ್ವಾ! ತಿಪಟೂರಿನಲ್ಲಿ ನಮ್ಮ ಬೀದಿಗೆ ತಿದಿ ಹೊತ್ತು ಬರುತ್ತಿದ್ದ ಕಲಾಯಿಯವರು ಹಿತ್ತಾಳೆ ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರದ ಕಡ್ಡಿ ಮುಟ್ಟಿಸಿ, ಹತ್ತಿಯಲ್ಲಿ ಒಂದು ಸುತ್ತು ಒರೆಸುತ್ತಿದ್ದರು. ಅದೇ ಕೆಲಸ, ಅದೇ ಹೊಗೆ. ಮೂಗಿಗೆ ಆ ವಾಸನೆ ಬಡಿದಾಗ ನನಗೆ ನಮ್ಮಜ್ಜಿಯ ಹಂಡೆ ನೆನಪಾಯಿತು.

ಕಲಾಯಿ ಆದ ಮೇಲೆ ಸೀಸ. ಪೂರ್ತಿ ಕರಗಿಸಬಾರದು, ನೀರಾದರೆ ಸೋರಿ ನೆಲಕ್ಕೆ ಬೀಳುತ್ತದೆ. ನನ್ನ ಮೊದಲ ಮೂರು ಕಡ್ಡಿ ಹಾಗೇ ನೆಲದ ಪಾಲಾದವು. ಗಟ್ಟಿಯೂ ಅಲ್ಲದ, ನೀರೂ ಅಲ್ಲದ ಒಂದು ಹದ ಇದೆ, ಉಂಡೆ ಕಟ್ಟುವಾಗ ಬೆಲ್ಲದ ಪಾಕ ನೋಡುತ್ತೇವಲ್ಲ, ಅಂಥದ್ದು. ಆ ಹದದಲ್ಲಿ ಜೇನುಮೇಣ ಸವರಿದ ಮರದ ಹಲಗೆಯಿಂದ ಒತ್ತಿ ಒತ್ತಿ ಹರಡಬೇಕು. ಬೆಂಕಿಯನ್ನು ಒಂದೇ ಕಡೆ ಹಿಡಿದರೆ ತಗಡು ಸೊಟ್ಟಗಾಗುತ್ತದೆ, ದೂರ ಹಿಡಿದರೆ ಸೀಸ ಬಿರುಸಾಗುತ್ತದೆ. ತಣ್ಣಗಾದ ಮೇಲೆ ಅರದಿಂದ ಉಜ್ಜುವುದು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಸೀಸದ ಮೇಲೆ ಗ್ರೈಂಡರ್ ಓಡಿಸಬೇಡಿ. ಆ ಧೂಳು ವಿಷ. ಅರದಲ್ಲಿ ಉಜ್ಜಿದರೆ ದಪ್ಪ ಚೂರು ಬೀಳುತ್ತದೆ, ಗುಡಿಸಿ ಬೇರೆ ಡಬ್ಬಿಗೆ ಹಾಕಿ ಕೊಡಬಹುದು. ಮಾಸ್ಕ್ ಹಾಕಿ, ಮುಗಿದ ಮೇಲೆ ಕೈ ತೊಳೆಯದೆ ಏನನ್ನೂ ಮುಟ್ಟಬೇಡಿ, ಆ ಬಟ್ಟೆಯನ್ನು ಮನೆಯ ಬಟ್ಟೆ ಜೊತೆ ಒಗೆಯಬೇಡಿ.

ನಾನು ಒಂದು ತಪ್ಪು ಮಾಡಿದೆ. ಆ ಪೇಸ್ಟಿನಲ್ಲಿ ಆಮ್ಲ ಇರುತ್ತದೆ. ಸೀಸ ತುಂಬಿ ಉಜ್ಜಿದ ಮೇಲೆ ಸೋಡಾ ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಬೇಕು. ನಾನು ತೊಳೆದೆ, ಆದರೆ ಕಮಾನಿನ ಒಳ ಅಂಚಿಗೆ ಕೈ ಸರಿಯಾಗಿ ಹೋಗಿರಲಿಲ್ಲ. ಪ್ರೈಮರ್ ಹೊಡೆದು ಐದು ವಾರಕ್ಕೆ ಅಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಎದ್ದವು. ಎಲ್ಲಾ ಕೆರೆದು, ಬಿಸಿ ನೀರಲ್ಲಿ ಹಳೇ ಹಲ್ಲುಜ್ಜುವ ಬ್ರಷ್ ಹಾಕಿ ತಿಕ್ಕಿ, ಮತ್ತೆ ಮಾಡಿದೆ. ಒಂದು ವಾರದ ಕೆಲಸ ಹೋಯಿತು. ಬಣ್ಣದ ಕೆಳಗೆ ಆಗಿದ್ದರೆ ಒಂದು ವರ್ಷದ್ದು ಹೋಗುತ್ತಿತ್ತು.

ಬಣ್ಣದ ನಂಬರು 040, ಅಂದರೆ ಕಪ್ಪು. ಕಾರ್ಖಾನೆಯಿಂದ ಬರುವಾಗಲೂ ಕಪ್ಪೇ ಇತ್ತು ಅಂತ ಅದರ ದಾಖಲೆ ಕಾರ್ಡಿನಲ್ಲಿದೆ. ಕಪ್ಪು ಏನನ್ನೂ ಮುಚ್ಚಿಡುವುದಿಲ್ಲ. ತಗಡಿನಲ್ಲಿ ಕೂದಲೆಳೆಯಷ್ಟು ಏರಿಳಿತ ಇದ್ದರೂ ಟ್ಯೂಬ್‌ಲೈಟಿನ ನೆರಳು ಅಲ್ಲಿ ಬಳುಕುತ್ತದೆ. ಬಣ್ಣಕ್ಕೆ ಕಳಿಸುವ ಮೊದಲು ಮೇಸ್ತ್ರಿ ಕಣ್ಣು ಮುಚ್ಚಿಕೊಂಡು, ಹತ್ತಿ ಗ್ಲೌಸ್ ಹಾಕಿದ ಅಂಗೈಯನ್ನು ಹೆಡ್‌ಲೈಟಿನಿಂದ ಡಿಕ್ಕಿವರೆಗೆ ನಿಧಾನವಾಗಿ ಎಳೆದುಕೊಂಡು ಹೋದರು. ಎರಡು ಕಡೆ ನಿಂತರು. ನನಗೆ ಬರಿಗೈಯಲ್ಲೂ ಅಲ್ಲಿ ಏನೂ ಗೊತ್ತಾಗಲಿಲ್ಲ. ಗ್ಲೌಸ್ ಹಾಕಿಕೊಂಡು ನೋಡಿದೆ, ಎರಡೂ ಕಡೆ ತಗಡು ಸ್ವಲ್ಪ ಕುಳಿತಿದೆ. ಬಟ್ಟೆ ಚರ್ಮಕ್ಕೆ ಸಿಕ್ಕುವ ಸಣ್ಣ ಒರಟನ್ನೆಲ್ಲ ಮರೆಸಿ, ಬರೀ ಆಕಾರವನ್ನು ಮಾತ್ರ ಕೈಗೆ ಕೊಡುತ್ತದಂತೆ.

ಎಂಜಿನ್ ಕೆಲಸ ಬೇಗ ಹೇಳುತ್ತೇನೆ. 2195 ಸಿಸಿ, ಸಾಲಾಗಿ ಆರು ಸಿಲಿಂಡರ್, 120 ಹಾರ್ಸ್‌ಪವರ್. ಪಿಸ್ಟನ್ ರಿಂಗು, ಬೇರಿಂಗು, ವಾಲ್ವ್ ಸೀಲು ಎಲ್ಲಾ ಹೊಸದು. ಮನಸ್ಸಿಟ್ಟು ಮಾಡಿದ್ದು ಅದರ ಇಂಜೆಕ್ಷನ್ ಪಂಪು. ಕಾರ್ಬುರೇಟರ್ ಇಲ್ಲ, ಬಾಷ್ ಕಂಪನಿಯ ಮೆಕ್ಯಾನಿಕಲ್ ಪೆಟ್ರೋಲ್ ಇಂಜೆಕ್ಷನ್. ಪಂಪಿನಲ್ಲಿ ಎರಡೇ ಪ್ಲಂಜರ್, ಅಂದರೆ ಬ್ಯಾರೆಲ್ ಅನ್ನುವ ಕೊಳವೆಯೊಳಗೆ ಆಡುತ್ತಾ ಪೆಟ್ರೋಲ್ ತಳ್ಳುವ ದಂಡ. ಒಂದೊಂದು ಮೂರು ಸಿಲಿಂಡರಿಗೆ ಪೆಟ್ರೋಲ್ ಹಂಚುತ್ತದೆ. ಬಿಚ್ಚುವ ಮೊದಲು ನಮ್ಮ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅವರು ಬೆಂಗಳೂರಿನ ಆಡುಗೋಡಿಯ ಮೈಕೋದಲ್ಲಿ, ಈಗ ಬಾಷ್ ಅಂತ ಹೆಸರಾಗಿರುವ ಅದೇ ಕಂಪನಿಯ ಕಾರ್ಖಾನೆಯಲ್ಲಿ, ಡೀಸೆಲ್ ಪಂಪಿನ ವಿಭಾಗದಲ್ಲಿ ಇದ್ದವರು.

"ಚಿಕ್ಕಪ್ಪಾ, ಎರಡೂ ಪ್ಲಂಜರ್ ಒಟ್ಟಿಗೆ ತೊಳೆದು ಹಾಕಬಹುದಾ?" ಅಂತ ಕೇಳಿದೆ.

"ಅಯ್ಯೋ, ಬೇಡ ಮಾರಾಯ! ಒಂದು ಪ್ಲಂಜರಿಗೆ ಒಂದೇ ಬ್ಯಾರೆಲ್ಲು. ಅವೆರಡನ್ನೂ ಜೋಡಿ ಮಾಡಿಯೇ ಉಜ್ಜಿರ್ತಾರೆ. ಒಂದೊಂದು ಜೋಡಿನೂ ಬೇರೆ ಬೇರೆ ಬಟ್ಟಲಲ್ಲಿ ತೊಳಿ. ಬಟ್ಟೇಲಿ ಒರೆಸ್ಬೇಡ, ಎಳೆ ಉಳಿಯುತ್ತೆ."

ಮರ ಆಯಿತು, ತಗಡು ಆಯಿತು, ಈಗ ಉಕ್ಕಿನ ಪಂಪಿನಲ್ಲೂ ಅದೇ ಜೋಡಿ ಮಾತು. ಎರಡು ಸ್ಟೀಲ್ ಬಟ್ಟಲು ತಂದೆ, ಒಂದಕ್ಕೆ ಕೆಂಪು ಟೇಪು, ಒಂದಕ್ಕೆ ಹಳದಿ. ಒದ್ದೆ ಪ್ಲಂಜರನ್ನು ಬ್ಯಾರೆಲ್ಲಿನ ಬಾಯಿಗಿಟ್ಟು ಬಿಟ್ಟರೆ ಅದರ ಭಾರಕ್ಕೇ ಮೆಲ್ಲಗೆ, ಒಂದೇ ಸಮನೆ ಇಳಿಯಿತು. ಎಲ್ಲೂ ತಡೆಯಲಿಲ್ಲ, ಎಲ್ಲೂ ಓಡಲಿಲ್ಲ. ಅದನ್ನು ನಾಲ್ಕೈದು ಸಲ ಮಾಡಿ ನೋಡಿದೆ, ಅಷ್ಟು ಹಿತವಾಗಿತ್ತು. ಆಮೇಲೆ ಅಳತೆ ಹೊಂದಿಸಲು ಮಾತ್ರ ಪರೀಕ್ಷಾ ಬೆಂಚ್ ಇರುವ ವರ್ಕ್‌ಶಾಪಿಗೆ ಕೊಟ್ಟೆ, ಅದು ಮನೆಯಲ್ಲಿ ಆಗುವ ಕೆಲಸ ಅಲ್ಲ.

ಮರದ ಕೆಲಸಕ್ಕೆ ನನ್ನ ಗುರು ಅಪ್ಪ. ತಿಪಟೂರಿನಲ್ಲಿ ನಲವತ್ತು ವರ್ಷ ಬಡಗಿ ಕೆಲಸ ಮಾಡಿದವರು. ಡ್ಯಾಶ್‌ಬೋರ್ಡಿನ ಎಡ ತುದಿಯ ತುಂಡಿನಲ್ಲಿ ಮೇಲಿನ ವಾಲ್‌ನಟ್ ಹೊದಿಕೆ ಒಡೆದು ಎದ್ದಿತ್ತು. ಮರದ ಗಂಟಿನಿಂದ ಸೀಳಿದ ಹೊದಿಕೆ ಅದು, ಮೋಡದ ಹಾಗೆ ಸುತ್ತಿಕೊಂಡ ಗೆರೆ. ಹೊಸ ಹಾಳೆ 0.6 ಮಿಲಿಮೀಟರ್ ದಪ್ಪ ಮಾತ್ರ, ಜೋರಾಗಿ ಉಜ್ಜಿದರೆ ಹರಿದೇ ಹೋಗುತ್ತದೆ. ಫೋನ್ ಸ್ಟ್ಯಾಂಡಿಗೆ ಹಾಕಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿಕೊಂಡೇ ಕೆಲಸ ಮಾಡಿದೆ. ಅಂಟಿಗೆ ಸರೇಸು. ಮುಂದೆ ಯಾರಾದರೂ ತೆಗೆಯಬೇಕಾಗಿ ಬಂದರೆ ಬಿಸಿ ನೀರಿನ ಒದ್ದೆ ಬಟ್ಟೆಗೇ ಬಿಟ್ಟುಕೊಳ್ಳುತ್ತದೆ, ಅದಕ್ಕೇ ಅದನ್ನು ಆರಿಸಿಕೊಂಡೆ.

"ಕುದಿಸ್ಬೇಡ ಮಗಾ. ಕುದಿಸಿದ್ರೆ ಸರೇಸು ಸತ್ತೋಗುತ್ತೆ. ಬಿಸಿ ನೀರಿನ ಪಾತ್ರೆಯೊಳಗೆ ಇನ್ನೊಂದು ಡಬ್ಬಿ ಇಡು," ಅಂದರು ಅಪ್ಪ. ಥರ್ಮಾಮೀಟರ್ ಇಟ್ಟು 60 ಡಿಗ್ರಿ ದಾಟದ ಹಾಗೆ ನೋಡಿಕೊಂಡೆ. ಬ್ರಷ್ ಎತ್ತಿದರೆ ಕಡಿಯದೆ ಎಳೆಯಾಗಿ ಸುರಿಯಬೇಕು. ಹಾಳೆ ಇಟ್ಟ ತಕ್ಷಣ ಮಧ್ಯದಿಂದ ಅಂಚಿಗೆ ಒತ್ತುತ್ತಾ ಹೋದೆ. ಅಪ್ಪ ಅಲ್ಲಿಂದಲೇ "ಉಗುರಲ್ಲಿ ತಟ್ಟು, ತಟ್ಟು" ಅಂದರು. ತಟ್ಟಿದೆ. ಒಂದು ಕಡೆ ಟೊಳ್ಳು ಸದ್ದು. ಆ ಸದ್ದು ಏಳು ಸಾವಿರ ಕಿಲೋಮೀಟರ್ ಆಚೆ ಅವರ ಕಿವಿಗೆ ನನಗಿಂತ ಮೊದಲು ಬಿತ್ತು, "ಅಲ್ಲೇ, ಅಲ್ಲೇ ಗಾಳಿ ಇದೆ" ಅಂದರು. ಬಿಸಿ ಇಸ್ತ್ರಿಪೆಟ್ಟಿಗೆಯ ಮೂಲೆ ಇಟ್ಟು ಒತ್ತಿ ಕೂರಿಸಿದೆ. ಒಂದು ದಿನ ಬಿಟ್ಟು, ಸಣ್ಣ ಉಪ್ಪುಕಾಗದದಲ್ಲಿ ಗೆರೆಯ ಜೊತೆಗೇ ಉಜ್ಜಿ, ಪಾಲಿಶ್ ಹದಿನಾಲ್ಕು ಕೈ. ಹಿಂದಿನ ನಂಬರನ್ನು ಮುಟ್ಟಲಿಲ್ಲ. ಅದರ ಕೆಳಗೆ ಪೆನ್ಸಿಲಿನಲ್ಲಿ ಅಪ್ಪನ ಹೆಸರೂ ಇಸವಿಯೂ ಬರೆದಿದ್ದೇನೆ.

ಸೀಟು ಬಿಚ್ಚಿದಾಗ ಇನ್ನೊಂದು ಪರಿಚಯದ ವಸ್ತು ಸಿಕ್ಕಿತು. ಸ್ಪ್ರಿಂಗಿನ ಮೇಲೆ ರಬ್ಬರ್ ಹಾಲಿನಲ್ಲಿ ಅಂಟಿಸಿದ ತೆಂಗಿನ ನಾರಿನ ಹಾಸು. ಸ್ಪಂಜ್ ಅಲ್ಲ, ನಾರು! ತಿಪಟೂರಿನವನ ಕೈಗೆ ಅದು ಗೊತ್ತಾಗದೆ ಇರುತ್ತದಾ. ಇಲಿ ಕಡಿದ ಕಡೆ ಮಾತ್ರ ಹೊಸ ಹಾಸು ಕತ್ತರಿಸಿ ಜೋಡಿಸಿದೆ. ನಾರಿನ ನಡುವೆ ಗಾಳಿ ಆಡುತ್ತದೆ, ಬೇಸಿಗೆಯಲ್ಲಿ ಬೆನ್ನು ಬೆವರುವುದಿಲ್ಲ. ಚರ್ಮ ಹಳೆಯದೇ, ಕೆಂಪು. ಹೊಲಿಗೆ ಬಿಟ್ಟಲ್ಲಿ ಹಳೆಯ ತೂತಿನಲ್ಲೇ ಸೂಜಿ ಹಾಕಿ ಕೈಯಲ್ಲಿ ಹೊಲಿದೆ. ಬಣ್ಣ ಸ್ವಲ್ಪ ಮಾಸಿದೆ, ಇರಲಿ. ಅರವತ್ತು ವರ್ಷ ಹಳೆಯ ಚರ್ಮವನ್ನು ಕಿತ್ತು ಹೊಸದು ಹಾಕಲು ನನಗೆ ಮನಸ್ಸು ಬರಲಿಲ್ಲ.

ಇನ್ನು ಗಾಜು. ಕಂಬ ಇಲ್ಲ ಅಂದೆನಲ್ಲ, ಆ ಚೆಂದದ ಬೆಲೆ ಇಲ್ಲಿ ಕೊಡಬೇಕು. ಬಾಗಿಲಿನ ಗಾಜಿನ ಹಿಂದಿನ ಅಂಚು ಹಿಂದಿನ ಗಾಜಿನ ಮುಂದಿನ ಅಂಚಿಗೆ ನೇರವಾಗಿ ಬಂದು ಕೂರಬೇಕು, ಎರಡರ ಮೇಲಂಚೂ ಚಾವಣಿಯ ರಬ್ಬರ್ ಬೀಡಿಂಗಿಗೆ ಒಂದೇ ಸಮ ಒತ್ತಬೇಕು. ಹಿಂದಿನ ಗಾಜು ನೇರ ಇಳಿಯುವುದಿಲ್ಲ, ವಾಲಿಕೊಂಡು ಇಳಿಯುತ್ತದೆ. ಒಂದು ಬೋಲ್ಟ್ ಕಾಲು ಸುತ್ತು ತಿರುಗಿಸಿದರೆ ಮೂರು ಕಡೆ ಬದಲಾಗುತ್ತದೆ. ಕ್ರಮ ತಪ್ಪಿದರೆ ತಿಂಗಳಾದರೂ ಮುಗಿಯದು, ನನಗೆ ಹಾಗೇ ಆಯಿತು. ಬಾಗಿಲಿನ ಕೀಲಿಗೆ ಹೊಸ ತಗಡಿನ ಚೂರು ಹಾಕಿ, ಗಾಜನ್ನು ಮಾತ್ರ ಎಳೆದಾಡುತ್ತಾ ಮೂರು ವಾರ ಕಳೆದೆ. ಬಲಗಡೆಗೆ ಸರಿ ಬಂತು, ಎಡಗಡೆಗೆ ಮೇಲೆ ಸರಿ ಹೋದರೆ ಕೆಳಗೆ ಬಿಡುತ್ತಿತ್ತು.

ಮೇಸ್ತ್ರಿ ಬಂದು ಗಾಜು ನೋಡಲೇ ಇಲ್ಲ. ಬಾಗಿಲು ತೆಗೆದು ಕೀಲಿಗೆ ಟಾರ್ಚ್ ಬಿಟ್ಟು, "ಹಳೆಯ ಚೂರುಗಳು ಎಲ್ಲಿ?" ಅಂದರು. ಚೀಲದಲ್ಲಿದ್ದವು: ಎಡ ಮೇಲೆ ಎರಡು, ಎಡ ಕೆಳಗೆ ಒಂದು. ನಾನು ಮೇಲೂ ಕೆಳಗೂ ಒಂದೇ ದಪ್ಪ ಹಾಕಿದ್ದೆ. ಹಳೆಯದನ್ನೇ ಹಾಕಿದಾಗ ಬಾಗಿಲು ಮೇಲ್ಗಡೆ ಒಂದು ಕೂದಲಿನಷ್ಟು ಒಳಗೆ ಬಂತು. 1963ರಲ್ಲಿ ಯಾರೋ ಇದೇ ಬಾಗಿಲನ್ನು ಇದೇ ಬಾಡಿಗೆ ಹಿಡಿದು ನೋಡಿ, ಇಲ್ಲಿ ಎರಡು, ಅಲ್ಲಿ ಒಂದು ಅಂತ ತೀರ್ಮಾನ ಮಾಡಿದ್ದರು. ಅವರ ಲೆಕ್ಕ ಸರಿಯಾಗೇ ಇತ್ತು.

ಆಮೇಲೆ ಕ್ರಮವಾಗಿ ಹೋದೆ. ಮೊದಲು ಬಾಗಿಲು, ಆಮೇಲೆ ಬಾಗಿಲಿನ ಗಾಜು, ಕೊನೆಗೆ ಹಿಂದಿನದು. ಬೀಡಿಂಗಿಗೆ ಸೀಮೆಸುಣ್ಣ ಸವರಿ ಗಾಜು ಏರಿಸಿ ಇಳಿಸಿದರೆ ಎಲ್ಲಿ ಒತ್ತಿದೆ ಎಂದು ಗಾಜಿನ ಅಂಚಿನ ಮೇಲೆ ಕಾಣುತ್ತದೆ. ಅದೂ ಸರಿ ಬಂದ ಮೇಲೆ ಕಾಗದದ ಪಟ್ಟಿ. ಗಾಜು ಮತ್ತು ಬೀಡಿಂಗ್ ಮಧ್ಯೆ ಇಟ್ಟು ಮೆಲ್ಲಗೆ ಎಳೆದರೆ, ಪ್ರತಿ ಕಡೆಯೂ ಒಂದೇ ಬಿಗಿಯಲ್ಲಿ ಬರಬೇಕು. ಎಡಗಡೆ ಹನ್ನೊಂದು ಕಡೆ ಎಳೆದು ನೋಡಿದೆ. ಹನ್ನೊಂದೂ ಒಂದೇ ಸಮ. ಆಗಲೇ ಹೋಸ್‌ಪೈಪ್ ತಂದದ್ದು.

ಗಾಜಿನ ಕೆಲಸಕ್ಕೆ ಮೊದಲೇ, ಕಳೆದ ತಿಂಗಳು, ತಪಾಸಣೆ ಆಯಿತು. ಮೂವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಚೆನ್ನಾಗಿ ಉಳಿದಿರುವ ಕಾರಿಗೆ ಇಲ್ಲಿ ನಂಬರ್ ಪ್ಲೇಟಿನ ಕೊನೆಯಲ್ಲಿ 'ಎಚ್' ಅಕ್ಷರ ಕೊಡುತ್ತಾರೆ, ವರ್ಷಕ್ಕೆ ತೆರಿಗೆ 191 ಯೂರೋ 73 ಸೆಂಟ್. ತಪಾಸಣೆಯವರು ಮುಂದಿನ ಡಿಸ್ಕ್ ಬ್ರೇಕ್ ನೋಡಿದರು, ತಳ ಬಡಿದು ನೋಡಿದರು, ಆಮೇಲೆ ಅವರೂ ಅಯಸ್ಕಾಂತ ತೆಗೆದು ಹಿಂದಿನ ಚಕ್ರದ ಕಮಾನಿಗೆ ಇಟ್ಟರು. ಸೀಸದ ತೆಳು ಗೆರೆ ಇರುವ ಕಡೆ ಸ್ವಲ್ಪ ಸಡಿಲವಾಗಿ ಹಿಡಿಯಿತು, ಮಿಕ್ಕ ಕಡೆಯೆಲ್ಲ ಟಕ್ ಅಂತ ಕಚ್ಚಿತು. ಅವರು ತಲೆ ಎತ್ತಿ "ಸೀಸವಾ?" ಅಂದರು. ಹೌದು ಅಂದೆ. ಪ್ಲೇಟ್ ಬಂತು.

ಬಾಕಿ ಇರುವುದು: ಗಡಿಯಾರ ಓಡುತ್ತಿಲ್ಲ. ಬಲಗಡೆಯ ಹಿಂದಿನ ಗಾಜಿನ ಹಿಡಿ ಬಿಗಿ ಇದೆ, ಗ್ರೀಸ್ ಹಾಕಬೇಕು. ಹಿಂದಿನ ಆಕ್ಸಲ್ ಮಧ್ಯದಲ್ಲಿ ಕೀಲಿರುವ ಜಾತಿಯದು, ಆ ಕೀಲಿಗೆ ಒಂದು ರಬ್ಬರ್ ಬೂಟ್ ಇದೆ, ಎಣ್ಣೆ ಸೋರದ ಹಾಗೆ ಮುಚ್ಚುವ ಕವಚ. ನಿನ್ನೆ ರಾತ್ರಿ ಕೆಳಗೆ ರಟ್ಟು ಹಾಸಿದ್ದೆ, ಬೆಳಿಗ್ಗೆ ನೋಡಿದರೆ ಎರಡು ಹನಿ ಎಣ್ಣೆ. ಹೊಸ ಬೂಟಿಗೆ ಹೇಳಿದ್ದೇನೆ, ಶನಿವಾರ ಮೇಸ್ತ್ರಿ ಬರುತ್ತಾರೆ.